ಸಾದಿಲ್ವಾರು ಖಾತೆಯ ಗಣಕಯಂತ್ರ

ಕಳೆದ ತಿಂಗಳು ರೋಣದ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ಬಂದಿದ್ದ. ಈಗ ಅವನು ವಿಶ್ವವಿದ್ಯಾಲಯವೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. “ಮಾಹಿತಿ ತಂತ್ರಜ್ಞಾನಕ್ಕ ವರ್ಷಕ್ಕ ಎಷ್ಟು ಖರ್ಚಾಗತೈತಿ ಅಂತ ಒಂದ ಅಂಕಿ ಕೇಳ್ಯಾರ್ರಿ ಸರ್. ಎಂಟು ದಿನ ಆತು, ಕೂಡಿಸಾಕ ಆಗವಲ್ದು” ಎಂದ. ಗಣಿತದಲ್ಲಿ ಜಾಣನಾಗಿದ್ದ ಹುಡುಗ! ನನಗೆ ನಗು ಬಂದಿತು. ಆ ಲೆಕ್ಕದಲ್ಲಿ ನಾನೂ ಒಮ್ಮೆ ಸೋತವನೇ.

2000ರ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಯಂತ್ರಗಳೇನೋ ಪುಕ್ಕಟೆ. ಆದರೆ ಕಿಟಕಿಗೆ ಜಾಲರಿ, ಬಾಗಿಲಿಗೆ ಬೀಗ, ಇಲಿ ಕಡಿದ ತಂತಿ, ಕೆಟ್ಟ ಬ್ಯಾಟರಿ ಇವೆಲ್ಲವನ್ನೂ ನಾನು ಸಾದಿಲ್ವಾರು ಖಾತೆಗೆ ಬರೆದೆ. ವಿದ್ಯುತ್ ಬಿಲ್ಲಿನದು ಬೇರೆಯೇ ಖಾತೆ. ತಪಾಸಣೆಗೆ ಬಂದವರು ಗಣಕಕ್ಕಾಗಿ ಶಾಲೆಯ ವೆಚ್ಚವೆಷ್ಟೆಂದು ಕೇಳಿದಾಗ “ಸೊನ್ನೆ” ಎಂದು ಹೆಮ್ಮೆಯಿಂದ ಬರೆದುಕೊಟ್ಟೆ. ಮರುವರ್ಷ ಬ್ಯಾಟರಿಗೆ ಅನುದಾನ ಕೇಳಲು ಬಾಯಿ ಉಳಿಯಲಿಲ್ಲ. ಆ ಕೋಣೆಗೆ ಬಿದ್ದ ಬೀಗ ಬಹುಕಾಲ ತೆರೆಯಲಿಲ್ಲ. ಒಂದಿಡೀ ತಂಡದ ಮಕ್ಕಳು ಕೀಲಿಮಣೆ ಮುಟ್ಟದೆಯೇ ಶಾಲೆ ಬಿಟ್ಟರು. ಅವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು, ಕ್ಷಮಿಸಬೇಕು.

ವಿಶ್ವವಿದ್ಯಾಲಯದಲ್ಲಿ ಇದೇ ಕಥೆ ದೊಡ್ಡದಾಗಿ ನಡೆಯುತ್ತದೆ. ಸರ್ವರ್ ಕೊಂಡರೆ ಬಂಡವಾಳ ವೆಚ್ಚ, ಅಂಕಪಟ್ಟಿಯ ತಂತ್ರಾಂಶ ಪರೀಕ್ಷಾ ವಿಭಾಗದ್ದು, ಇ-ಪತ್ರಿಕೆ ಗ್ರಂಥಾಲಯದ್ದು, ಗುತ್ತಿಗೆ ನೌಕರರ ಸಂಬಳ ಇನ್ನೆಲ್ಲೋ. 2016ರಿಂದ ಪ್ರಕಟವಾಗುತ್ತಿರುವ ಎನ್‌ಐಆರ್‌ಎಫ್ ಶ್ರೇಯಾಂಕಕ್ಕಾಗಿ ಗ್ರಂಥಾಲಯದ, ಪ್ರಯೋಗಾಲಯ ಉಪಕರಣಗಳ ವೆಚ್ಚವನ್ನು ಬೇರೆಬೇರೆಯಾಗಿ ತೋರಿಸಬೇಕು. ನ್ಯಾಕ್ ಕೈಪಿಡಿಗಳು ಗಣಕಕ್ಕೆಷ್ಟು ವಿದ್ಯಾರ್ಥಿಗಳೆಂದು ಕೇಳುತ್ತ ಬಂದಿವೆ. ಯಂತ್ರಗಳನ್ನು ಎಣಿಸುವುದು ಸುಲಭ. ಅವನ್ನು ಬದುಕಿಸಿಡುವ ಖರ್ಚನ್ನು ಎಣಿಸುವುದು ಕಷ್ಟ.

ಬೇರೆಯವರು ಕೊಡುವ ಹಣವೂ ಉಂಟಲ್ಲ! ವಿದ್ಯಾಸಂಸ್ಥೆಗಳನ್ನು ಅತಿವೇಗದ ಜಾಲದಿಂದ ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ 2010ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು 5,990 ಕೋಟಿ ರೂಪಾಯಿ. 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯ ಇ-ಪತ್ರಿಕೆಗಳಿಗೆ ಮೂರು ವರ್ಷಕ್ಕೆ 6,000 ಕೋಟಿ. ಇದರಲ್ಲಿ ಒಂದು ವಿಶ್ವವಿದ್ಯಾಲಯದ ಪಾಲೆಷ್ಟೆಂದು ಬರೆಯುವುದು? ಇನ್ನು ನರಗುಂದದ, ಗಜೇಂದ್ರಗಡದ ಮಕ್ಕಳು ಪರೀಕ್ಷೆಯ ಅರ್ಜಿ ತುಂಬಲು ಸೈಬರ್ ಅಂಗಡಿಯಲ್ಲಿ ಎಣಿಸಿಕೊಡುವ ರೂಪಾಯಿಗಳು, ಆ ದಿನ ತಪ್ಪಿದ ಕೂಲಿ ಯಾವ ಆಯವ್ಯಯಕ್ಕೂ ಸೇರುವುದಿಲ್ಲ.

ಚಹಾ ಮುಗಿದ ಮೇಲೆ ಶಿಷ್ಯ ಚೀಲದಿಂದ ಆಯವ್ಯಯದ ಪುಸ್ತಕ ತೆಗೆದ. “ಮೊದಲು ಬ್ಯಾಟರಿ ಎಲ್ಲಿ ಬರದಾರ ನೋಡಪಾ” ಎಂದೆ. ಬಹಳ ಹೊತ್ತು ಪುಟ ತಿರುವಿದ.

“ಇತರೆ ಅನ್ನೋದರಾಗ ಐತ್ರಿ ಸರ್” ಎಂದ.