ಪರದೆಯ ಹಳದಿ ಮತ್ತು ತಾಯಿಯ ನೆನಪು



ತಂತ್ರಾಂಶ ನವೀಕರಣಗೊಂಡ ಮರುದಿನ ಗಣಕಯಂತ್ರದ ಪರದೆಯಲ್ಲಿ ಬಣ್ಣಗಳು ಕೆಟ್ಟು ಕಾಣುವುದು ಅಪರೂಪದ ಸಂಗತಿಯೇನಲ್ಲ. ಆಗ ಕೆಲವರು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿ ನೋಡುತ್ತಾರೆ. ಕೆಲವರು ಹೊಸ ಮಾನಿಟರ್ ಕೊಳ್ಳುತ್ತಾರೆ. ಅಷ್ಟರಲ್ಲಿಯೇ ಮುಗಿಯುವ ವಿಷಯವಾಗಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಯಂತ್ರವೊಂದು ತೋರಿಸಿದ ತಪ್ಪು ಬಣ್ಣದಿಂದಾಗಿ ಮುಪ್ಪಿನ ತಾಯಿಯೊಬ್ಬರು 'ಮರೆವಿನ ಮುದುಕಿ' ಎನ್ನಿಸಿಕೊಳ್ಳುವ ಪ್ರಸಂಗ ಒದಗಿಬಂದದ್ದರಿಂದ ಬರೆಯುತ್ತಿದ್ದೇನೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಪಾಠ ಹೇಳಿ, ಕೊನೆಗೆ ಚಿತ್ರದುರ್ಗದಲ್ಲಿ ನೆಲೆನಿಂತವನು ನಾನು. ಆ ಶಾಲೆಗಳ ಗುಂಪುಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿರುವುದು ನಿಮಗೆ ತಿಳಿದಿದೆ. ಅವುಗಳಲ್ಲಿ 1992ರಲ್ಲಿ ವಾಣಿವಿಲಾಸ ಸಾಗರಕ್ಕೆ ಪ್ರವಾಸ ಹೋದಾಗ ತೆಗೆಸಿದ ಚಿತ್ರವೂ ಒಂದು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಂಡ ನಮ್ಮ ಮಾರಿಕಣಿವೆಯ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆದ್ದರಿಂದ ಆ ಚಿತ್ರದಲ್ಲಿ ಮಕ್ಕಳ ಹಿಂದೆ ನೀರಿಗಿಂತ ದಡದ ಕೆಮ್ಮಣ್ಣೇ ಎದ್ದು ಕಾಣುತ್ತದೆ. ಮೂಲ ಚಿತ್ರ ಮಳೆನೀರು ತಾಗಿ ಅಳಿಸಿಹೋಗಿದೆ. ಉಳಿದಿರುವುದು ಸ್ಕ್ಯಾನ್ ಮಾಡಿದ ಪ್ರತಿ ಮಾತ್ರ.

ಆ ಚಿತ್ರದ ಎರಡನೆಯ ಸಾಲಿನಲ್ಲಿ ನಿಂತಿರುವ ಹುಡುಗ ಹೋದ ವರ್ಷ ತೀರಿಕೊಂಡ. ಹೊಸದುರ್ಗದ ಕಡೆಯ ಹಳ್ಳಿಯವನು. ಬಾಲ್ಯದ ಬಣ್ಣದ ಚಿತ್ರ ಅವನ ಮನೆಯಲ್ಲಿ ಒಂದೂ ಇಲ್ಲ. ವರ್ಷದ ತಿಥಿಗೆ ಅವನ ಮುಖವನ್ನು ದೊಡ್ಡದು ಮಾಡಿಸಿಕೊಡಬೇಕೆಂದು ಅವನ ತಾಯಿ ಹೇಳಿಕಳುಹಿಸಿದ್ದರು. "ಮೇಷ್ಟ್ರೇ, ಅವನು ಹಾಕ್ಕೊಂಡಿರೋ ಆಕಾಶನೀಲಿ ಸ್ವೆಟರ್ ನಾನೇ ಹೆಣೆದದ್ದು, ಅದು ಕಾಣೋ ಹಂಗೆ ಮಾಡಿಸಿಕೊಡಿ" ಎಂದು ದೂರವಾಣಿಯಲ್ಲಿ ಹೇಳಿದರು. ಕಿರಿಯ ಮಗ ನಮ್ಮ ಮನೆಗೆ ಬಂದ. ಚಿತ್ರವನ್ನು ತೆರೆದೆ. ಸ್ವೆಟರ್ ಆಕಾಶನೀಲಿಯಾಗಿರಲಿಲ್ಲ, ಹಸಿರು ಬೆರೆತ ಬೂದು ಬಣ್ಣವಾಗಿತ್ತು. ಆತ ಸ್ವಲ್ಪ ಹೊತ್ತು ನೋಡಿ, "ನಮ್ಮವ್ವಂಗೆ ಮರೆವು ಸಾರ್. ಇದ್ದಂಗೇ ಮಾಡಿಸಿಬಿಡಿ" ಎಂದ.

ನನ್ನ ಕಣ್ಣು ಮಾತ್ರ ಪಕ್ಕದಲ್ಲಿ ನಿಂತಿದ್ದ ನಮ್ಮ ಡ್ರಿಲ್ ಮಾಸ್ತರರ ಪ್ಯಾಂಟಿನ ಮೇಲಿತ್ತು. ಅವರ ಬಿಳಿ ಪ್ಯಾಂಟಿನ ಶುಭ್ರತೆಯನ್ನು ಕಂಡವರು ಮರೆಯಲಾರರು. ಅದು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಬಿಳಿಯೇ ಹಳದಿಯಾಗಿರುವಾಗ ನೀಲಿಯ ಬಗ್ಗೆ ತೀರ್ಪು ಕೊಡುವುದು ಹೇಗೆ? ಯಂತ್ರಕ್ಕೆ ಎರಡು ದಿನ ಹಿಂದೆಯಷ್ಟೇ ನವೀಕರಣವಾಗಿತ್ತು. "ಎರಡು ದಿನ ತಡೆಯಪ್ಪ, ಅವ್ವನಿಗೆ ಏನೂ ಹೇಳಬೇಡ" ಎಂದು ಆತನನ್ನು ಕಳುಹಿಸಿದೆ.

ತರಗತಿಯಲ್ಲಿ ಹೇಳಿದ್ದನ್ನು ನೆನಪಿಸಿಕೊಳ್ಳಿ. ಬೆಳಕಿನ ಬೆರಕೆಯೇ ಬೇರೆ, ಬಣ್ಣದ ಪುಡಿಯ ಬೆರಕೆಯೇ ಬೇರೆ. ಪರದೆಯ ಪ್ರತಿಯೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿವೆ. ಸಾಮಾನ್ಯ ಪರದೆಯಲ್ಲಿ ಒಂದೊಂದಕ್ಕೂ 256 ಮಟ್ಟಗಳು. ಹೀಗಾಗಿ ಒಟ್ಟು 1,67,77,216 ಬಣ್ಣಗಳು. ಮೂರೂ ಪೂರ್ತಿ ಬೆಳಗಿದರೆ ಬಿಳಿ. ನೀಲಿ ಕುಂದಿದರೆ ಉಳಿದ ಕೆಂಪು, ಹಸಿರು ಸೇರಿ ಹಳದಿ. ಅಂದರೆ ನಾನು ಹುಡುಕಬೇಕಾಗಿದ್ದದ್ದು ನೀಲಿ ಎಲ್ಲಿ ಸೋರಿಹೋಯಿತು ಎಂಬುದನ್ನು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಪರದೆಯೆಲ್ಲ ಹಳದಿಯೇ, ಅಥವಾ ಒಂದೇ ತಂತ್ರಾಂಶದಲ್ಲಿ ಮಾತ್ರವೇ? ಪರದೆಯೆಲ್ಲ ಹಳದಿಯಾಗಿದ್ದರೆ ಮಾನಿಟರಿನ ಗುಂಡಿ ಒತ್ತಿ ಅದರದೇ ಪಟ್ಟಿಯನ್ನು ತೆರೆಯಿರಿ. ಅದನ್ನು ಮಾನಿಟರೇ ರಚಿಸುತ್ತದೆ. ಅದೂ ಹಳದಿಯಾದರೆ ದೋಷ ಮಾನಿಟರಿನದು ಅಥವಾ ಅದರ ಹೊಂದಾಣಿಕೆಯದು. ಅದು ಸರಿಯಿದ್ದರೆ ತಂತಿಯನ್ನು ನೋಡಿ. ಹಳೆಯ ವಿಜಿಎ ತಂತಿಯಲ್ಲಿ ಮೂರು ಬಣ್ಣಗಳಿಗೂ ಬೇರೆ ಬೇರೆ ಸೂಜಿಗಳಿವೆ. ನೀಲಿಯ ಸೂಜಿ ಬಾಗಿದರೂ ಸಾಕು, ಎಲ್ಲವೂ ಹಳದಿ. ತಂತಿಯೂ ಸರಿಯಿದ್ದರೆ 'ನೈಟ್ ಲೈಟ್' ಚಾಲೂ ಆಗಿದೆಯೇ ನೋಡಿ. ವಿಂಡೋಸ್ 10ರಲ್ಲಿ 2017ರಿಂದ ಬಂದ ಈ ಸೌಲಭ್ಯ, ರಾತ್ರಿಯ ವೇಳೆ ನೀಲಿ ಬೆಳಕನ್ನು ತಗ್ಗಿಸುತ್ತದೆ. ಬಳಿಕ 'ಕಲರ್ ಫಿಲ್ಟರ್ಸ್' ನೋಡಿ. ಕೊನೆಯದಾಗಿ 'ಡಿವೈಸ್ ಮ್ಯಾನೇಜರ್'ನಲ್ಲಿ ಡಿಸ್‌ಪ್ಲೇ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸುವ 'ರೋಲ್ ಬ್ಯಾಕ್' ಗುಂಡಿಯಿದೆ.

ನನ್ನ ಯಂತ್ರದಲ್ಲಿ ಇವು ಯಾವುವೂ ಕಾರಣವಾಗಿರಲಿಲ್ಲ. ಬರೆಯುವ ಪುಟ ಹಾಲಿನಂತೆ ಬಿಳುಪಾಗಿತ್ತು. ಅದೇ ಚಿತ್ರವನ್ನು 'ಪೇಂಟ್'ನಲ್ಲಿ ತೆರೆದಾಗ ಡ್ರಿಲ್ ಮಾಸ್ತರರ ಪ್ಯಾಂಟು ಬಿಳಿ; ಚಿತ್ರ ನೋಡುವ ತಂತ್ರಾಂಶದಲ್ಲಿ ತೆರೆದರೆ ಹಳದಿ. ಕಡತ ಒಂದೇ, ಪರದೆ ಒಂದೇ, ತಂತಿ ಒಂದೇ. ಪೇಟೆಯ ಅಂಗಡಿಯವರೊಬ್ಬರು ದೂರವಾಣಿಯಲ್ಲಿಯೇ "ಮಾನಿಟರ್ ಹೋಗಿದೆ ಸಾರ್" ಎಂದಿದ್ದರು. ಅದು ನಿಜವಲ್ಲವೆಂದು ಇದರಿಂದಲೇ ಸ್ಪಷ್ಟವಾಯಿತು.

ಕಾರಣ ಇಷ್ಟೇ. ಪ್ರತಿ ಮಾನಿಟರಿನ ಬಣ್ಣದ ಸ್ವಭಾವವನ್ನು ವಿವರಿಸುವ 'ಕಲರ್ ಪ್ರೊಫೈಲ್' ಎಂಬ ಪುಟ್ಟ ಕಡತವಿರುತ್ತದೆ. ಚಿತ್ರ ತೋರಿಸುವ ತಂತ್ರಾಂಶ ಅದನ್ನು ಓದಿ, ಅದಕ್ಕೆ ತಕ್ಕಂತೆ ಬಣ್ಣವನ್ನು ತಿದ್ದಿ ತೋರಿಸುತ್ತದೆ. ಪೇಂಟ್ ಆ ಗೋಜಿಗೆ ಹೋಗುವುದಿಲ್ಲ. ನವೀಕರಣದ ಜೊತೆಯಲ್ಲಿ ಬಂದ ಹೊಸ ಪ್ರೊಫೈಲ್ ನನ್ನ ಮಾನಿಟರಿಗೆ ಹೊಂದುತ್ತಿರಲಿಲ್ಲ. ಬೇರೆಯವರ ಕಣ್ಣಿನ ಚೀಟಿ ಹಿಡಿದು ಮಾಡಿಸಿದ ಕನ್ನಡಕದಂತೆ, ಇಲ್ಲದ ದೋಷವನ್ನು ತಿದ್ದಲು ಹೋಗಿ ಅದು ದೋಷವನ್ನು ತಾನೇ ತಂದಿತ್ತು.

ಪರಿಹಾರ ಸರಳ. ಕಂಟ್ರೋಲ್ ಪ್ಯಾನೆಲ್‌ನ 'ಕಲರ್ ಮ್ಯಾನೇಜ್‌ಮೆಂಟ್' ತೆರೆದು, ಮಾನಿಟರನ್ನು ಆರಿಸಿ, 'ಯೂಸ್ ಮೈ ಸೆಟ್ಟಿಂಗ್ಸ್ ಫಾರ್ ದಿಸ್ ಡಿವೈಸ್' ಎಂಬಲ್ಲಿ ಗುರುತು ಹಾಕಿ, 'ಆ್ಯಡ್' ಒತ್ತಿ ಎಸ್‌ಆರ್‌ಜಿಬಿ ಪ್ರೊಫೈಲನ್ನು ಸೇರಿಸಿ, ಅದನ್ನೇ 'ಡೀಫಾಲ್ಟ್' ಮಾಡಬೇಕು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ರೂಪಿಸಿದ, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಬಣ್ಣದ ಅಳತೆ ಅದು. ಚಿತ್ರದ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದೆ. ಪ್ಯಾಂಟು ಬಿಳಿಯಾಯಿತು. ಸ್ವೆಟರ್ ಆಕಾಶನೀಲಿಯಾಯಿತು.

ಈ ನಡುವೆ ಬಂಧುವೊಬ್ಬರು "ಚಿತ್ರಕ್ಕೇ ಸ್ವಲ್ಪ ನೀಲಿ ಸೇರಿಸಿಬಿಡಿ" ಎಂದಿದ್ದರು. ನಾನು ಕೈ ಹಚ್ಚಲಿಲ್ಲ. ಪರದೆಯ ಸುಳ್ಳಿಗೆ ಹೊಂದುವಂತೆ ಕಡತವನ್ನು ತಿದ್ದಿದ್ದರೆ, ಮುದ್ರಿಸಿದ ಕಾಗದದಲ್ಲಿ ಆ ಹುಡುಗನ ಮುಖ ನೀಲಿಗಟ್ಟುತ್ತಿತ್ತು. ಹಳೆಯ ಬಣ್ಣದ ಚಿತ್ರಗಳು ಕಾಲಾಂತರದಲ್ಲಿ ಕೆಂಪಾಗುವುದೂ ಉಂಟು. ಅದು ಚಿತ್ರದ ಮುಪ್ಪು, ಪರದೆಯ ರೋಗವಲ್ಲ. ಅದನ್ನು ತಿದ್ದಲೇಬೇಕೆಂದರೂ ನಕಲು ಪ್ರತಿಯಲ್ಲಿ ತಿದ್ದಬೇಕು, ಮೂಲವನ್ನು ಮುಟ್ಟಬಾರದು.

ಚಿತ್ರ ತಲುಪಿದ ದಿನ ಕಿರಿಯ ಮಗನೇ ದೂರವಾಣಿ ಮಾಡಿದ. "ಅವ್ವ ಹೇಳಿದ್ದೇ ಸರಿ ಸಾರ್" ಎಂದು ಹೇಳಿ ಸುಮ್ಮನಾದ. ಆಕೆ ಮಾತನಾಡಲಿಲ್ಲ, ಹಿಂದಿನಿಂದ ಅಳುವುದು ಕೇಳಿಸುತ್ತಿತ್ತು.

ನವೀಕರಣಗಳಿಗೆ ಹೆದರಿ ಅವನ್ನು ನಿಲ್ಲಿಸಬೇಡಿ. ಯಂತ್ರದ ರಕ್ಷಣೆಗೆ ಅವು ಬೇಕು. ಆದರೆ ಯಂತ್ರ ಒಂದು ಹೇಳಿ, ಮನೆಯ ಹಿರಿಯರು ಇನ್ನೊಂದು ಹೇಳಿದಾಗ, ಮೊದಲು ಯಂತ್ರವನ್ನು ಪರೀಕ್ಷಿಸಿ. ಬಿಳಿಯೆಂದು ನಿಶ್ಚಯವಾಗಿ ಗೊತ್ತಿರುವ ಒಂದು ವಸ್ತುವನ್ನು ಹುಡುಕಿ, ಅದು ಬಿಳಿಯಾಗಿ ಕಾಣುತ್ತಿದೆಯೇ ನೋಡಿ. ಹಿರಿಯರಿಗೆ ಮರೆವು ಎನ್ನುವ ಮಾತನ್ನು ಅದಾದ ಮೇಲೆ ಆಡಿದರೂ ತಡವಾಗುವುದಿಲ್ಲ.