ಅರ್ಜಿಯ ಎರಡು ನಾಲಗೆ

ಅರ್ಜಿ ಬರೆಯದೆ ಬಾಳಿದ ಪುಣ್ಯವಂತರು ನಮ್ಮಲ್ಲಿ ಯಾರಿದ್ದಾರೆ? ನಲ್ಲಿಗೆ ಅರ್ಜಿ, ರಜೆಗೆ ಅರ್ಜಿ, ಕ್ವಾರ್ಟರ್ಸಿಗೆ ಅರ್ಜಿ. ನಿವೃತ್ತರಾದಮೇಲೆ ನಾವಿನ್ನೂ ಜೀವಂತವಾಗಿದ್ದೇವೆಂದು ವರ್ಷಕ್ಕೊಮ್ಮೆ ಬರೆದುಕೊಡುವ ಪತ್ರವೂ ಅದೇ ಕುಲದ್ದು. ಭದ್ರಾವತಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕುಳಿತಿದ್ದ ನಾನು ಎಷ್ಟೋ ಬಗೆಯ ಅರ್ಜಿಗಳನ್ನು ಕಂಡವನು. ಕಾಣದೆ ಉಳಿದಿದ್ದ ಜಾತಿ ಒಂದೇ: ವೈದ್ಯಕೀಯ ಸಂಶೋಧನೆಗೆ ಧನಸಹಾಯ ಬೇಡುವ ಅರ್ಜಿ. ಅದೂ ಕಳೆದ ಮಳೆಗಾಲದಲ್ಲಿ, ನನ್ನ ಅಕ್ಕನ ಮಗಳ ದೆಸೆಯಿಂದ, ಕಣ್ಣಿಗೆ ಬಿತ್ತು.

ಅವಳು ಶಿವಮೊಗ್ಗದಲ್ಲಿ ವೈದ್ಯೆ. ವೈದ್ಯ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳುತ್ತಾಳೆ. ವಯಸ್ಸು ನಾಲ್ವತ್ತೊಂದು. ಶನಿವಾರ ಸಂಜೆ ಬಸ್ಸು ಹತ್ತಿ ನ್ಯೂಟೌನಿನ ನಮ್ಮ ಮನೆಗೆ ಬಂದು, ಮಡಿಲಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು, "ಮಾವ, ನಿಮ್ಮಿಂದ ಎರಡು ಕೆಲಸ ಆಗಬೇಕು" ಎಂದಳು. ಒಂದು, ಖರ್ಚಿನ ಅಂದಾಜುಪಟ್ಟಿಯನ್ನು ನೋಡಿಕೊಡುವುದು. ಇನ್ನೊಂದು, ರೋಗಿಗಳ ಸಹಿ ಪಡೆಯುವ ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಬರೆದುಕೊಡುವುದು. "ಚೀಟಿ ಬರೆದು ಬರೆದು ನನ್ನ ಕನ್ನಡವೂ ಔಷಧದ ಚೀಟಿಯ ಹಾಗೇ ಆಗಿದೆ. ನೀವೇ ಬರೆಯಿರಿ" ಎಂದಳು.

ಈ ಧನಸಹಾಯದ ಲೋಕ ಹೊಸದೇನೂ ಅಲ್ಲ. 1911ರಲ್ಲಿ ಭಾರತೀಯ ಸಂಶೋಧನಾ ನಿಧಿ ಸಂಘವೆಂದು ಹುಟ್ಟಿದ ಸಂಸ್ಥೆಯೇ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಯಿತು. 2008ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇಂಗ್ಲೆಂಡಿನ ವೆಲ್ಕಮ್ ಟ್ರಸ್ಟೂ ಕೂಡಿ ಕಟ್ಟಿದ ಇಂಡಿಯಾ ಅಲಯನ್ಸ್, ವೃತ್ತಿಯ ಆರಂಭದವರು, ನಡುವಿನವರು, ಹಿರಿಯರು ಎಂದು ಮೂರು ಪಂಕ್ತಿ ಮಾಡಿ ಐದೈದು ವರ್ಷದ ವೇತನವನ್ನಿಟ್ಟಿತು. 2023ರ ಕಾಯಿದೆಯಿಂದ ಹುಟ್ಟಿದ ಅನುಸಂಧಾನ ಪ್ರತಿಷ್ಠಾನವು 2024ರಲ್ಲಿ ಆರಂಭದವರಿಗೆಂದೇ ಅರ್ಜಿ ಕರೆದಾಗ ವಯಸ್ಸಿನ ಮಿತಿ 42. ಕೆಲವರಿಗೆ ಒಂದಿಷ್ಟು ವಿನಾಯಿತಿ. ನಾಲ್ವತ್ತೆರಡರಲ್ಲಿ ಆರಂಭವೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ, ಬೆರಳು ಮಡಿಸಿದಳು. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು ವರ್ಷ, ನಡುವೆ ಪ್ರವೇಶಪರೀಕ್ಷೆಗಳು, ಆಮೇಲೆ ರೆಸಿಡೆಂಟ್ ಆಗಿ ದುಡಿತ, ಮದುವೆ, ಒಂದು ಮಗು, ದಿನವೂ ಹೊರರೋಗಿಗಳ ಸಾಲು. ಲೆಕ್ಕ ಹಾಕಿದರೆ ನಾಲ್ವತ್ತೆರಡು ಬಹಳ ಬೇಗನೆ ಬರುತ್ತದೆ.

ಮೊಬಲಗಿನ ವಿಷಯದಲ್ಲಿ ನಾನು ಬೆರಗಾದೆ. ಮಂಡಳಿ 2023ರಲ್ಲಿ ಅರ್ಜಿ ಕರೆದಾಗ "ಸಣ್ಣ" ಅನುದಾನದ ಮಿತಿ 2 ಕೋಟಿ, "ಮಧ್ಯಮ"ದ್ದು 8 ಕೋಟಿ. ಅವಳು ಕೇಳಬೇಕೆಂದಿದ್ದುದು ಇದರ ಪಕ್ಕದಲ್ಲಿ ಅಂಗಡಿಯ ಚಿಲ್ಲರೆ.

ಅವಳ ಪ್ರಶ್ನೆಯೂ ಹಾಗೆಯೇ ಚಿಕ್ಕದು. ನಮ್ಮ ಜಿಲ್ಲೆಯ ಹೆಸರನ್ನು ಲೋಕದ ವೈದ್ಯಗ್ರಂಥಗಳಲ್ಲಿ ಬರೆಸಿದ ಮಂಗನ ಕಾಯಿಲೆಯನ್ನು ಓದುಗರು ಬಲ್ಲರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತುಬಿದ್ದುವು. ಹಿಂದೆಯೇ ಜನಕ್ಕೆ ಜ್ವರ ಬಂತು. ಉಣ್ಣೆಹುಳು ಕಚ್ಚಿ ಬರುವ ಈ ಜ್ವರಕ್ಕೆ ಇದೇ ಮದ್ದೆಂಬುದು ಇಂದಿಗೂ ಇಲ್ಲ. ಹಳೆಯ ಲಸಿಕೆ 2022ರಲ್ಲಿ ನಿಂತಿತು. ರೋಗ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಪುಸ್ತಕಗಳು ಹೇಳುತ್ತವೆ. ಉಳಿದ ತೊಂಬತ್ತೈದು ಮಂದಿ? ಅವರು "ಗುಣವಾದವರು". ಅವರ ಪೈಕಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸಿ ತಲೆಗೇರುವುದುಂಟು. ಮಿಕ್ಕವರು ಚೀಟಿ ಹಿಡಿದು ಊರ ಬಸ್ಸು ಹತ್ತುತ್ತಾರೆ. "ಅವರು ಮತ್ತೆ ಅಡಿಕೆ ಮರ ಹತ್ತುವುದು, ಸೊಪ್ಪಿನ ಹೊರೆ ಹೊರುವುದು ಎಷ್ಟು ತಿಂಗಳಾದ ಮೇಲೆ ಮಾವ? ಅದನ್ನು ಕೂತು ಎಣಿಸಬೇಕು" ಎಂದಳು. ಇದಿಷ್ಟೇ ಅವಳ ಸಂಶೋಧನೆ.

ಇದನ್ನು ಹಿಂದೊಮ್ಮೆ ಒಂದು ಸಂಸ್ಥೆಗೆ ಕಳುಹಿಸಿದ್ದಳು. ಹನ್ನೊಂದು ತಿಂಗಳಾದಮೇಲೆ ಎರಡು ಸಾಲಿನ ಉತ್ತರ ಬಂದಿತ್ತು: ಪ್ರಾಥಮಿಕ ಮಾಹಿತಿ ಸಾಲದು, ನವೀನತೆ ಕಡಮೆ. ಮಾಹಿತಿಯನ್ನು ಕೂಡಿಹಾಕುವುದಕ್ಕೇ ಹಣ ಕೇಳಿದವಳಿಗೆ ಮಾಹಿತಿ ಎಲ್ಲಿ ಎಂದು ಕೇಳಿದರೆ, ಈಜು ಬಂದಮೇಲೆ ನೀರಿಗಿಳಿ ಎಂದ ಹಾಗೆ. ಆದರೂ ತೀರ್ಪುಗಾರರನ್ನು ಹಳಿಯಲಾರೆ. ಎದುರಿಗೆ ನೂರಾರು ಅರ್ಜಿ, ಕೈಯಲ್ಲಿ ಇಪ್ಪತ್ತಕ್ಕೆ ಹಣ. ಯಾವುದಾದರೂ ಕೋಲು ಹಿಡಿದು ಅಳೆಯಲೇಬೇಕು.

ಹೊಸ ಅರ್ಜಿಯನ್ನು ಓದುತ್ತ ಹೋದೆ. ಪುಟಪುಟದಲ್ಲೂ ಎಂಥ ಧೈರ್ಯ! ಮೊದಲ ಆರು ತಿಂಗಳಲ್ಲಿ ಇದು ಮುಗಿಯುವುದು, ಹದಿನೆಂಟನೆಯ ತಿಂಗಳಲ್ಲಿ ಅದು ತಿಳಿಯುವುದು, ಮೂರು ವರ್ಷಕ್ಕೆ ಸರ್ಕಾರದ ನೀತಿಯೇ ಬದಲಾಗುವುದು. ಆದರೆ ಉಣ್ಣೆಗೆ ಆರ್ಥಿಕ ವರ್ಷದ ಪರಿವೆಯಿಲ್ಲ. ಈ ಜ್ವರದ ಕಾಲ ಡಿಸೆಂಬರಿನಿಂದ ಮೇವರೆಗೆ. ಜೂನಿನಲ್ಲಿ ಹಣ ಬಂದರೆ ಆರು ತಿಂಗಳು ಮಳೆ ನೋಡುತ್ತ ಕೂರಬೇಕು. ಒಂದು ವರ್ಷ ರೋಗವೇ ಕಡಮೆಯಾಯಿತೆನ್ನಿ. ಊರಿಗೆ ಒಳ್ಳೆಯದು, ಅರ್ಜಿಗೆ ಕೆಟ್ಟದ್ದು. "ಇಷ್ಟೆಲ್ಲ ಖಂಡಿತ ಗೊತ್ತೇನೆ ನಿನಗೆ?" ಎಂದೆ. "ಗೊತ್ತಿದ್ದರೆ ಸಂಶೋಧನೆ ಯಾಕೆ ಮಾವ? ಆದರೆ ಗೊತ್ತಿಲ್ಲ ಎಂದು ಬರೆದರೆ ಓದುವವರು ಯಾರು?" ಎಂದಳು.

ಆಮೇಲೆ ಒಪ್ಪಿಗೆಪತ್ರಕ್ಕೆ ಕೈಹಾಕಿದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ, ಏನನ್ನೂ ಮುಚ್ಚಿಡದೆ ಬರೆಯಬೇಕೆಂಬುದು ನಿಯಮ. ಅದರ ನಡುವೆ ಒಂದು ವಾಕ್ಯ ಬಂತು, ಕನ್ನಡಕ್ಕೆ ತಂದೆ: "ಇದರಿಂದ ನಿಮಗೆ ನೇರವಾದ ಪ್ರಯೋಜನವಿಲ್ಲ. ಮುಂದೆ ಇತರರಿಗೆ ಆಗಬಹುದು; ಆಗದಿರಲೂಬಹುದು." ಬರೆದು ಲೇಖನಿ ಕೆಳಗಿಟ್ಟೆ. ಒಂದೇ ಅರ್ಜಿ, ಒಂದೇ ಕೆಲಸ. ಹಣ ಕೊಡುವವರ ಮುಂದೆ ಎಲ್ಲವೂ ಖಂಡಿತ. ರಕ್ತ ಕೊಡುವವನ ಮುಂದೆ ಯಾವುದೂ ಖಂಡಿತವಲ್ಲ.

ಭಾಷೆ ಅರ್ಥವಾಗುವುದೋ ಎಂದು ಪರೀಕ್ಷಿಸಲು, ಸಾಗರದ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ಹೂ ಮಾರುವ ಹೆಂಗಸಿಗೆ ಓದಿ ಹೇಳಿದೆ. ಹುಡುಗಿಯಾಗಿದ್ದಾಗ ಕೊಟ್ಟಿಗೆಗೆ ಒಣಗಿದೆಲೆ ಗುಡಿಸಿ ತಂದವಳು. ಉಣ್ಣೆಯ ಕಾಟವನ್ನು ಮೈಯಿಂದಲೇ ಬಲ್ಲವಳು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ರಕ್ತ ತಗತಾರೆ, ನಿಮಗೇನೂ ಇಲ್ಲ ಅಂತ ಅವ್ರೇ ಹೇಳ್ತಾರೆ. ಹಂಗಾರೆ ಸುಳ್ಳು ಹೇಳೋ ಜನ ಅಲ್ಲ ಬಿಡಿ ಅಯ್ಯಾ" ಎಂದಳು. ಎರಡು ಹೆಜ್ಜೆ ನಡೆದವಳು ತಿರುಗಿ, "ಆದ್ರೆ ತಿಂಗಳಿಗೊಂದ್ಸಲ ಶಿಮೊಗ್ಗಕ್ಕೆ ಬಂದ್ರೆ ಆವತ್ತಿನ ಕೂಲಿ ಯಾರು ಕೊಡ್ತಾರೆ?" ಎಂದು ಕೇಳಿದಳು.

ಅಂದಾಜುಪಟ್ಟಿಯಲ್ಲಿ ಉಪಕರಣಕ್ಕೆ ಹಣವಿತ್ತು, ಸಮ್ಮೇಳನಕ್ಕೆ ಹೋಗಿಬರಲು ಹಣವಿತ್ತು. ರೋಗಿಗೆ ಬಸ್ಸಿನ ಖರ್ಚೂ ಇತ್ತು. ಕೂಲಿಯ ಕಲಮು ಇರಲಿಲ್ಲ. ನಿಯಮ ನೋಡಿದೆವು, ಕಳೆದುಹೋದ ಕೂಲಿಯನ್ನು ತುಂಬಿಕೊಡಲು ಅಡ್ಡಿಯಿಲ್ಲ. ಸಮ್ಮೇಳನದ ಬಾಬನ್ನು ಹೊಡೆದುಹಾಕಿ ಆ ಮೊಬಲಗನ್ನು ಕೂಲಿಗೆ ಬರೆಯಲು ಅವಳೇ ಹೇಳಿದಳು.

ಮೊದಲೇ ಖಚಿತವಿಲ್ಲದ್ದಕ್ಕೆ ಹಣ ಹಾಕುವುದು ವ್ಯರ್ಥವೆ? ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ನಮ್ಮ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ತೆರೆದಾಗ, ಐದು ವರ್ಷದ ಮೇಲೆ ಕ್ಯಾಸನೂರಿನಲ್ಲಿ ಮಂಗ ಸಾಯುವುದೆಂದು ಯಾವ ಅರ್ಜಿಯೂ ಹೇಳಿರಲಿಲ್ಲ. ಜನ, ಕೋಣೆ, ಹಣ ಸಿದ್ಧವಿದ್ದುದರಿಂದಲೇ 1957ರಲ್ಲಿ ಅವರು ಬಂದರು. ಹಳದಿಜ್ವರವಿರಬಹುದೆಂದು ಹೆದರುತ್ತ ಬಂದು, ಅದೇ ವರ್ಷ ಹೊಸ ವೈರಸ್ಸನ್ನು ಕಂಡರು. ನಮ್ಮ ಊರಿನ ಮಾತೂ ಅಷ್ಟೆ. 1923ರಲ್ಲಿ ಭದ್ರಾವತಿಯ ಕುಲುಮೆ ಮಲೆನಾಡಿನ ಇದ್ದಲು ತಿಂದು ಉರಿಯತೊಡಗಿದಾಗ ಪೇಟೆಯಲ್ಲಿ ಬೀಡುಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ನಷ್ಟವೆಂದು ಆಡಿಕೊಂಡವರು ಹಲವರು, ವಿಶ್ವೇಶ್ವರಯ್ಯನವರು ಕೈಬಿಡಲಿಲ್ಲ. ಮೊದಲ ವರ್ಷಗಳ ಲೆಕ್ಕವನ್ನೇ "ಪ್ರಾಥಮಿಕ ಮಾಹಿತಿ" ಎಂದುಕೊಂಡಿದ್ದರೆ, ಎಷ್ಟೋ ತಲೆಮಾರು ಈ ಊರಿನಲ್ಲಿ ಅನ್ನ ಉಣ್ಣುತ್ತಿರಲಿಲ್ಲ.

ಕಳುಹಿಸುವ ಹಿಂದಿನ ರಾತ್ರಿ ಅವಳು ಅರ್ಜಿಯ ಕೊನೆಯ ಭಾಗದಲ್ಲಿ ತಾನಾಗಿ ಒಂದು ಸಾಲು ಸೇರಿಸಿದಳು: ರೋಗ ಕಡಮೆಯಾದ ವರ್ಷ ಉತ್ತರ ಸಿಕ್ಕದಿರಬಹುದು, ಆದರೆ ಹಾಗೆಂದೇ ತಿಳಿಸಲಾಗುವುದು. "ಇದರಿಂದ ಅಂಕ ಹೋಗುತ್ತೆ ಮಾವ" ಎಂದಳು. ಆದರೂ ಅಳಿಸಲಿಲ್ಲ.

ಉತ್ತರ ಇನ್ನೂ ಬಂದಿಲ್ಲ. ಈ ಸಲವೂ ಇಲ್ಲವೆಂದರೆ "ಆರಂಭ"ದ ಬಾಗಿಲು ಅವಳ ಪಾಲಿಗೆ ಹೆಚ್ಚುಕಡಮೆ ಮುಚ್ಚಿದಂತೆಯೇ. "ನಡುವಿನ" ಬಾಗಿಲಲ್ಲಿ, ಆರಂಭದಲ್ಲಿ ಏನು ಮಾಡಿದೆ ಎಂದು ಕೇಳುತ್ತಾರೆ. ಈ ನಡುವೆ ಜ್ವರದ ಕಾಲ ಬಂದಿದೆ. ರಾತ್ರಿ ಊಟವಾದಮೇಲೆ ಅವಳು ಮನೆಗೆ ಹೋದ ರೋಗಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಾಳಂತೆ: ಅನ್ನ ಸೇರುತ್ತದೆಯೆ, ನಡೆದರೆ ಕಾಲು ಸೋಲುತ್ತದೆಯೆ, ಕೆಲಸಕ್ಕೆ ಹೋದಿರಾ? ಅದನ್ನು ಸಂಶೋಧನೆಯೆಂದು ಬರೆದಿಡಲು ನೀತಿಸಮಿತಿಯ ಒಪ್ಪಿಗೆ ಬೇಕು, ಹಣ ಬೇಕು. ವಿಚಾರಿಸುವುದಕ್ಕೆ ಯಾರ ಅಪ್ಪಣೆಯೂ ಬೇಡವಂತೆ.