ಕೈಗೆ ಒಗ್ಗುವ ಲೆನ್ಸ್

"ಮೇಷ್ಟ್ರೇ, ಹಕ್ಕಿಗಳ ಚಿತ್ರಕ್ಕೆ ಯಾವ ಲೆನ್ಸ್ ಕೊಳ್ಳಲಿ?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ನಿಮ್ಮಲ್ಲಿ ಇನ್ನೂ ಕೆಲವರಿಗೆ ಉಪಯೋಗವಾದೀತೆಂದು ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ನಾನು ಮೊದಲು ನೋಡುವುದು ತೂಕವನ್ನು. ಸಿಗ್ಮಾ ಸಂಸ್ಥೆಯು 2014ರಲ್ಲಿ 150-600 ಮಿ.ಮೀ.ನ ಎರಡು ಜೂಮ್ ಲೆನ್ಸ್‌ಗಳನ್ನು ಘೋಷಿಸಿತು. ವ್ಯಾಪ್ತಿಯೂ ದ್ಯುತಿರಂಧ್ರವೂ ಒಂದೇ. ಆದರೆ 'ಸ್ಪೋರ್ಟ್ಸ್' 2.86 ಕಿಲೋ, 'ಕಾಂಟೆಂಪರರಿ' 1.93 ಕಿಲೋ. ಮೊದಲನೆಯದು ಹೆಚ್ಚು ಗಟ್ಟಿಮುಟ್ಟು, ಧೂಳು–ಮಳೆಗಳಿಗೆ ಹೆಚ್ಚು ರಕ್ಷಿತ. ಆದರೂ ಬಲಭುಜ ಬಿಗಿದಿರುವ ನನ್ನಂಥವನಿಗೆ ಈ ಹವ್ಯಾಸ ಉಳಿಯುವುದೂ ಅಳಿಯುವುದೂ ಆ ಒಂದು ಕಿಲೋದ ಅಂತರದಲ್ಲಿದೆ. ಆದ್ದರಿಂದ ಎರಡನೆಯದನ್ನೇ ಆರಿಸಿದೆ.

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ನೆಚ್ಚುವಂತಿಲ್ಲ. ದೋಣಿಯೊಡನೆ ಅದೂ ಅಲುಗುತ್ತದೆ. ಅಲ್ಲಿ ಕೈಯೇ ಆಧಾರ. ದೂರದ ಗೂಡಿಗೆ 600 ಬೇಕು; ಮೊಸಳೆ ಸಮೀಪದ ಬಂಡೆಯ ಮೇಲಿದ್ದರೆ 150 ಸಾಕು. ಜೂಮ್‌ನ ಅನುಕೂಲವೇ ಅದು.

ಲೆನ್ಸಿನೊಳಗಿನ ಸ್ಥಿರೀಕರಣವು ಕೈನಡುಕವನ್ನು ಸರಿದೂಗಿಸೀತೇ ಹೊರತು ಹಾರುವ ಹಕ್ಕಿಯ ರೆಕ್ಕೆಯನ್ನು ನಿಲ್ಲಿಸದು. ಅದಕ್ಕೆ ಸುಮಾರು 1/2000 ಸೆಕೆಂಡಿನ ಶಟರ್ ವೇಗ ಬೇಕು. 600ರ ತುದಿಯಲ್ಲಿ ಎಫ್/6.3ಕ್ಕಿಂತ ಹೆಚ್ಚು ಬೆಳಕು ದೊರೆಯದು. ಮುಂಜಾನೆಯಾದರೆ ಐಎಸ್ಒ ಏರಿಸಲೇಬೇಕು.

ಆದುದರಿಂದ, ಮಗೂ, ಅಂಗಡಿಯಲ್ಲಿ ಕ್ಯಾಮೆರಾಕ್ಕೆ ಜೋಡಿಸಿ ಐದು ನಿಮಿಷ ಕಣ್ಣಿಗೆ ಹಿಡಿದು ನೋಡು. ನಿನ್ನ ಭುಜ ಒಪ್ಪಿದ ಮೇಲೆಯೇ ಹಣ ಕೊಡು.